ಓದುಗರ ಗ್ಯಾರೇಜು: ಮೊದಲನೇ ಕ್ವಾಡ್ ಬೈಕ್, ಅದೂ ಸೆಕೆಂಡ್ ಹ್ಯಾಂಡ್

ಪ್ರಶ್ನೆ: ಸರ್ ನಮಸ್ಕಾರ. ನಾನು ಹಾಸನದ ಕಡೆಯವನು, ಏಳು ವರ್ಷದಿಂದ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದೀನಿ. ಆಫೀಸಿನ ಸ್ನೇಹಿತರು ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗೆ ವರ್ಷಕ್ಕೆ ಎರಡ್ಮೂರು ಸಲ ಕ್ವಾಡ್ ಬೈಕ್ (ಎಟಿವಿ ಅಂತಾರಲ್ಲ, ಗುಡ್ಡದ ಮಣ್ಣು ಹಾದೀಲಿ ಓಡೋ ನಾಲ್ಕು ಚಕ್ರದ ಗಾಡಿ) ಓಡಿಸೋಕೆ ಹೋಗ್ತಾರೆ, ಹೋದ ಸಲ ಬಾಡಿಗೆ ಗಾಡೀಲಿ ನಾನೂ ಹೋಗಿದ್ದೆ, ಅವತ್ತಿಂದ ತಲೇಲಿ ಅದೇ. ಹಳೇದೊಂದು ತಗೋಳೋಣ ಅಂತ ಮೂರು ನೋಡಿಟ್ಟಿದೀನಿ: ಯಮಹಾ ರ‍್ಯಾಪ್ಟರ್ 700, ಪೊಲಾರಿಸ್ ಸ್ಪೋರ್ಟ್ಸ್‌ಮನ್ 570, ಹೋಂಡಾ ರಾಂಚರ್ 420 ಫೋರ್ ವೀಲ್ ಡ್ರೈವ್. ಮೂರರಲ್ಲಿ ರ‍್ಯಾಪ್ಟರೇ ಕಮ್ಮಿ ರೇಟು, ನೋಡೋಕೂ ಚೆನ್ನಾಗಿದೆ. ಊರಲ್ಲಿ ಕಾಲೇಜಿನ ದಿನಗಳಲ್ಲಿ ಪಲ್ಸರ್ ಓಡಿಸಿ ಅಭ್ಯಾಸ ಇದೆ. ಯಾವುದು ತಗೋಳ್ಲಿ, ನೋಡೋಕೆ ಹೋದಾಗ ಏನೇನು ಚೆಕ್ ಮಾಡ್ಲಿ?

ಉತ್ತರ: ರ‍್ಯಾಪ್ಟರ್ ಬಿಟ್ಬಿಡಿ. ಅದು ಕೆಟ್ಟ ಗಾಡಿ ಅಲ್ಲ, ಬಹಳ ಒಳ್ಳೇ ಗಾಡಿ, ಆದ್ರೆ ನಿಮಗಲ್ಲ, ಈಗಲ್ಲ. 686 ಸಿಸಿ ಸಿಂಗಲ್ ಸಿಲಿಂಡರ್, ಬರೀ ಹಿಂದಿನ ಎರಡು ಚಕ್ರಕ್ಕೆ ಚೈನ್ ಡ್ರೈವ್, ಕೈಯಲ್ಲೇ ಕ್ಲಚ್ಚು, ಕಲ್ಲು ತುಂಬಿದ ಏರಲ್ಲಿ ಹೆಬ್ಬೆರಳು ಸ್ವಲ್ಪ ಜಾಸ್ತಿ ಒತ್ತಿದ್ರೆ ಮುಂದಿನ ಚಕ್ರ ಮೇಲಕ್ಕೆದ್ದು ನಿಮ್ಮ ಎದೆ ಮೇಲೇ ಬರುತ್ತೆ. ಕ್ವಾಡ್‌ನಲ್ಲಿ ಥ್ರಾಟಲ್ (ಆಕ್ಸಿಲರೇಟರ್) ಹೆಬ್ಬೆರಳಲ್ಲಿ ಇರೋದು ನಿಮಗೆ ಗೊತ್ತೇ ಇದೆ, ಹಳ್ಳ ದಿಣ್ಣೆಲಿ ಮೈ ಹಿಂದಕ್ಕೆ ಜೋಲಿ ಹೊಡೆದಾಗ ಹೊಸಬರು ಹ್ಯಾಂಡಲ್ ಗಟ್ಟಿಯಾಗಿ ಹಿಡ್ಕೋತಾರೆ, ಹಿಡ್ಕೊಂಡಾಗ ಹೆಬ್ಬೆರಳೂ ತಾನೇ ಒತ್ತುತ್ತೆ, ಗಾಡಿ ಇನ್ನೂ ಜೋರಾಗಿ ನುಗ್ಗುತ್ತೆ. ಶಕ್ತಿ ಕಮ್ಮಿ ಇರೋ ಗಾಡೀಲಿ ಇದೇ ತಪ್ಪಾದ್ರೆ ಹೆದರಿಕೆ ಆಗಿ ಮುಗಿಯುತ್ತೆ, ರ‍್ಯಾಪ್ಟರಲ್ಲಿ ಆಸ್ಪತ್ರೆ.

ಪಲ್ಸರ್ ಅಭ್ಯಾಸ ಇದೆ ಅಂದ್ರಲ್ಲ, ಅದರ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಬೈಕ್ ಓಡಿಸಿದವರಿಗೆ ಗಾಡಿ ವಾಲಿದ ಕೂಡ್ಲೇ ಕಾಲು ನೆಲಕ್ಕೆ ಊರೋದು ರಕ್ತದಲ್ಲೇ ಬಂದಿರುತ್ತೆ. ಕ್ವಾಡ್‌ನಲ್ಲಿ ಹಾಗೆ ಕಾಲು ಊರಿದ್ರೆ ಹಿಂದಿನ ಚಕ್ರ ಅದೇ ಕಾಲಿನ ಹಿಮ್ಮಡಿ ಮೇಲೆ ಹತ್ತಿ ನಿಮ್ಮನ್ನ ಕೆಳಕ್ಕೆಳೆಯುತ್ತೆ. ತಿರುವಿನಲ್ಲೂ ಅಷ್ಟೇ, ಬೈಕ್ ತಾನೇ ಒಳಕ್ಕೆ ವಾಲುತ್ತೆ, ಕ್ವಾಡ್ ವಾಲಲ್ಲ, ನೀವು ಸೀಟಿಂದ ಜರುಗಿ ಮೈ ಭಾರ ಒಳಗಡೆಗೆ ಹಾಕ್ಬೇಕು. ಅದಕ್ಕೇ ಗಾಡಿ ತಗೋಳೋಕೆ ಮುಂಚೆನೇ ಅಲ್ಲಿನ ಎಟಿವಿ ಸೇಫ್ಟಿ ಇನ್‌ಸ್ಟಿಟ್ಯೂಟ್‌ನವರ ರೈಡರ್ ಕೋರ್ಸ್ ಮಾಡ್ಕೊಂಡ್ಬಿಡಿ, ಅದರ ದುಡ್ಡೂ ಹೆಲ್ಮೆಟ್, ಬೂಟು, ಗ್ಲೌಸ್ ದುಡ್ಡೂ ಗಾಡಿ ಬಜೆಟ್‌ನಲ್ಲೇ ಸೇರಿಸಿ ಲೆಕ್ಕ ಹಾಕಿ. ಆ ಟ್ರೇಲ್‌ನಲ್ಲಿ ಹೆಲ್ಮೆಟ್ ಕಡ್ಡಾಯ, ಪರ್ಮಿಟ್ಟೂ ಕಡ್ಡಾಯ ಅನ್ನೋದು ನಿಮ್ಮ ಸ್ನೇಹಿತರು ಹೇಳೇ ಇರ್ತಾರೆ.

ಉಳಿದ ಎರಡರಲ್ಲಿ ನನ್ನ ಓಟು ರಾಂಚರ್‌ಗೆ. ಸ್ಪೋರ್ಟ್ಸ್‌ಮನ್ 570 ಕೂತ್ರೆ ಸೋಫಾ ಥರ, ಹಿಂದೆ ಎರಡೂ ಚಕ್ರಕ್ಕೆ ಬೇರೆ ಬೇರೆ ಸಸ್ಪೆನ್ಷನ್, ಗೇರ್ ಹಾಕೋ ಕೆಲಸ ಇಲ್ಲ, ಇಡೀ ದಿನ ಓಡಿಸಿದ್ರೂ ಸೊಂಟ ನೋಯಲ್ಲ. ಆದ್ರೆ 300 ಕಿಲೋ ದಾಟುತ್ತೆ, ಇಳಿಜಾರಲ್ಲಿ ಅಡ್ಡ ಮಗುಚಿದ್ರೆ ಒಬ್ಬರೇ ಏನೂ ಮಾಡೋಕಾಗಲ್ಲ, ಜೊತೆಗೆ ಅದು ಸಿವಿಟಿ, ಅಂದ್ರೆ ಒಳಗೆ ರಬ್ಬರ್ ಬೆಲ್ಟ್ ಮೇಲೆ ಓಡೋದು, ಹಿಂದಿನ ಓನರ್ ಆ ಬೆಲ್ಟನ್ನ ಹೆಂಗೆ ಸುಟ್ಟಿದಾನೋ ಕವರ್ ಬಿಚ್ಚದೆ ಗೊತ್ತಾಗಲ್ಲ. ರಾಂಚರ್ 2007ರಿಂದ 420 ಸಿಸಿ ಫ್ಯೂಯಲ್ ಇಂಜೆಕ್ಷನ್‌ನಲ್ಲಿ ಬರ್ತಿದೆ, ಶಾಫ್ಟ್ ಡ್ರೈವ್, ಅಂದ್ರೆ ಚಕ್ರಕ್ಕೆ ಶಕ್ತಿ ಹೋಗೋದು ಉಕ್ಕಿನ ದಂಡದ ಮೂಲಕ, ಬೆಲ್ಟೂ ಇಲ್ಲ ಚೈನೂ ಇಲ್ಲ, ಮಾಮೂಲಿ ಮಾಡೆಲ್‌ಗಳಲ್ಲಿ ಗೇರ್ ಇದ್ರೂ ಕ್ಲಚ್ ಹಿಡಿಯೋ ಕೆಲಸ ಇಲ್ಲ, ತೂಕವೂ ಸ್ಪೋರ್ಟ್ಸ್‌ಮನ್‌ಗಿಂತ ಕಮ್ಮಿ. ಇಳಿಜಾರಲ್ಲಿ ಎರಡನೇ ಗೇರಲ್ಲಿ ಬಿಟ್ರೆ ಇಂಜಿನ್ನೇ ಗಾಡೀನ ಹಿಡ್ಕೊಂಡು ನಿಧಾನಕ್ಕೆ ಇಳಿಸುತ್ತೆ, ಹೊಸಬರಿಗೆ ಇದರಷ್ಟು ಧೈರ್ಯ ಕೊಡೋದು ಇನ್ನೊಂದಿಲ್ಲ. ಬಟನ್ ಒತ್ತಿ ಗೇರ್ ಹಾಕೋ ಎಲೆಕ್ಟ್ರಿಕ್ ಶಿಫ್ಟ್ ಮಾಡೆಲ್ ಆದ್ರೆ ಇಂಜಿನ್ ಬಿಸಿ ಆದ್ಮೇಲೂ ಎಲ್ಲಾ ಗೇರೂ ಮೇಲೆ ಕೆಳಗೆ ನಾಲ್ಕೈದು ಸಲ ಹಾಕಿ ನೋಡಿ, ರಿವರ್ಸ್ ಮರೀಬೇಡಿ.

ಆದ್ರೆ ಬ್ರ್ಯಾಂಡ್ ಮಾತು ಇಷ್ಟಕ್ಕೇ ಸಾಕು. ಹಳೇ ಕ್ವಾಡ್‌ನಲ್ಲಿ ನೀವು ದುಡ್ಡು ಕೊಡೋದು ಹಿಂದಿನ ಓನರ್ ಅದನ್ನ ಹೆಂಗೆ ಇಟ್ಕೊಂಡಿದ್ದ ಅನ್ನೋದಕ್ಕೆ. ಚೆನ್ನಾಗಿ ಇಟ್ಕೊಂಡಿರೋ ಸ್ಪೋರ್ಟ್ಸ್‌ಮನ್ ಸಿಕ್ಕಿ ರಾಂಚರ್ ಕೆಟ್ಟಿದ್ರೆ ಕಣ್ಣು ಮುಚ್ಕೊಂಡು ಸ್ಪೋರ್ಟ್ಸ್‌ಮನ್ ತಗೊಳ್ಳಿ.

ಇದನ್ನ ನಾನು ಕೆಟ್ಟು ಕಲ್ತಿರೋದು. ನನ್ನ ಮೊದಲನೇ ಕ್ವಾಡ್ ತಗೊಂಡಾಗ ಪ್ಲಾಸ್ಟಿಕ್ ಫಳಫಳ ಅಂತಿತ್ತು, ಟೈರ್ ಹೊಸದು, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಚೌಕಾಸಿ ಮಾಡದೇ ದುಡ್ಡು ಕೊಟ್ಟು ಬಂದೆ. ಎರಡು ತಿಂಗಳಿಗೆ ಸೈಲೆನ್ಸರ್‌ನಲ್ಲಿ ನೀಲಿ ಹೊಗೆ, ಆಯಿಲ್ ಕುಡಿಯೋಕೆ ಶುರು. ಬಿಚ್ಚಿಸಿ ನೋಡಿದ್ರೆ ಸಿಲಿಂಡರ್ ಗೋಡೆ ಉದ್ದಕ್ಕೂ ಗೀರು. ಕಾರಣ ಏರ್ ಫಿಲ್ಟರ್, ಅಂಚು ಮಡಚ್ಕೊಂಡು ಕೂತಿತ್ತು, ಎಷ್ಟು ದಿನದಿಂದ ಧೂಳು ನೇರ ಇಂಜಿನ್ನಿಗೆ ಹೋಗ್ತಿತ್ತೋ. ಬೋರ್ ಮಾಡಿಸಿ ಪಿಸ್ಟನ್ ಹಾಕ್ಸೋಕೆ ಗಾಡಿ ರೇಟಿನ ಅರ್ಧದಷ್ಟು ಹೋಯ್ತು, ಅವತ್ತು ಎರಡು ನಿಮಿಷ ಸೀಟು ಎತ್ತಿ ನೋಡಿದ್ರೆ ಉಳೀತಿತ್ತು.

ಅದಕ್ಕೇ ನೀವು ಹೋದ ತಕ್ಷಣ ಮಾಡೋ ಮೊದಲನೇ ಕೆಲಸ ಸೀಟು ಎತ್ತೋದು. ಏರ್ ಬಾಕ್ಸ್ ಮುಚ್ಚಳ ಬಿಚ್ಚಿ ಫಿಲ್ಟರ್ ಹೊರಗೆ ತೆಗೀರಿ. ಹೊರಗಡೆ ಮಣ್ಣಾಗಿದ್ರೆ ಪರವಾಗಿಲ್ಲ, ಅದರ ಕೆಲಸವೇ ಅದು. ನೋಡ್ಬೇಕಾದ್ದು ಫಿಲ್ಟರ್ ಆಚೆ, ಇಂಜಿನ್ ಕಡೆ ಹೋಗೋ ರಬ್ಬರ್ ಕೊಳವೆ ಒಳಗೆ. ಬೆಳ್ಳಗಿರೋ ಟಿಶ್ಯೂ ಸುತ್ತಿದ ಬೆರಳು ಅದರೊಳಗೆ ಹಾಕಿ ಒಂದು ಸುತ್ತು ಒರೆಸಿ ತೆಗೀರಿ. ಕ್ಲೀನಾಗಿ ಬಂತು ಅಂದ್ರೆ ಆ ಮನುಷ್ಯ ಗಾಡಿ ನೋಡ್ಕೊಂಡಿದಾನೆ. ಮರಳು ಮರಳಾಗಿ ಬಂತು ಅಂದ್ರೆ ಥ್ಯಾಂಕ್ಸ್ ಹೇಳಿ ವಾಪಸ್ ಬನ್ನಿ, ಎಷ್ಟೇ ರೇಟ್ ಇಳಿಸಿದ್ರೂ.

ಇನ್ನೊಂದು, ಹೋಗೋಕೆ ಮುಂಚೆ ಫೋನ್ ಮಾಡಿ, ನಾನು ಬರೋತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ, ಹೋದ್ಮೇಲೆ ಇಂಜಿನ್ ಪಕ್ಕ ಕೈ ಇಟ್ಟು ನೋಡಿ, ಬೆಚ್ಚಗಿದ್ರೆ ಕೋಲ್ಡ್ ಸ್ಟಾರ್ಟ್ ತೊಂದರೆ (ತಣ್ಣಗಿದ್ದಾಗ ಸ್ಟಾರ್ಟ್ ಆಗದಿರೋದು) ಮುಚ್ಚಿಡ್ತಿರಬಹುದು. ಆಯಿಲ್ ಡಿಪ್‌ಸ್ಟಿಕ್ ತೆಗೆದಾಗ ಹಾಲು ಕಾಫಿ ಬಣ್ಣ ಕಂಡ್ರೆ ನೀರು ಸೇರಿದೆ, ಗಾಡಿ ಹೊಳೇಲಿ ಮುಳುಗಿರೋ ಸಾಧ್ಯತೆ ಜಾಸ್ತಿ. ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ, ಅಂದ್ರೆ ಡಿಫರೆನ್ಷಿಯಲ್ ಆಯಿಲ್‌ಗೂ ಇದೇ ಲೆಕ್ಕ, ಆದ್ರೆ ಅದನ್ನ ಯಾರೂ ನೋಡಲ್ಲ, ನೀವು ಮುಂದಿನದೂ ಹಿಂದಿನದೂ ಎರಡೂ ಬಿಚ್ಚಿ ನೋಡಿ. ರೇಡಿಯೇಟರ್ ಎತ್ತರಕ್ಕೆ ಏರಿಸಿ, ಹ್ಯಾಂಡಲ್ ಹತ್ರ ಇಂಜಿನ್ನಿಗೆ ಗಾಳಿ ಎಳೆಯೋ ಪೈಪು ನಿಲ್ಲಿಸಿ ಸ್ನಾರ್ಕೆಲ್ ಮಾಡಿರೋ ಗಾಡಿ ಎಷ್ಟೇ ಚೆನ್ನಾಗಿ ಕಂಡ್ರೂ ಬೇಡ, ಅದನ್ನ ಕೆಸರಲ್ಲಿ ಮುಳುಗಿಸೋಕಂತಲೇ ಮಾಡಿಸಿರೋದು.

ಆಮೇಲೆ ಜ್ಯಾಕ್ ಹಾಕಿ ಮುಂದಿನ ಭಾಗ ಎತ್ತಿ. ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ, ಲೊಡಲೊಡ ಅಂದ್ರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಇದ್ರೆ ಟೈ ರಾಡ್, ಅಂದ್ರೆ ಹ್ಯಾಂಡಲ್ ತಿರುವನ್ನ ಚಕ್ರಕ್ಕೆ ಒಯ್ಯೋ ಸರಳು. ಇವೇನು ಗಾಡಿ ಬೇಡ ಅನ್ನೋ ಕಾರಣಗಳಲ್ಲ, ರೇಟ್ ಇಳಿಸೋ ಕಾರಣಗಳು. ಆಕ್ಸಲ್ ಮೇಲಿನ ರಬ್ಬರ್ ಬೂಟು (ಜಾಯಿಂಟ್ ಮುಚ್ಚೋ ರಬ್ಬರ್ ಕವರು) ಹರಿದು ಗ್ರೀಸ್ ಸುತ್ತ ಎರಚಿದ್ರೆ ಒಳಗಿನ ಜಾಯಿಂಟ್ ಹೋಗಿರುತ್ತೆ, ಓಡಿಸುವಾಗ ಹ್ಯಾಂಡಲ್ ಪೂರ್ತಿ ತಿರುಗಿಸಿದ್ರೆ ಟಕ ಟಕ ಸದ್ದು ಬರುತ್ತೆ. ಆದ್ರೆ ಫ್ರೇಮ್‌ನಲ್ಲಿ ವೆಲ್ಡಿಂಗ್ ಗುರುತು, ಅಥವಾ ಒಂದು ಜಾಗಕ್ಕೆ ಮಾತ್ರ ಹೊಸ ಪೇಂಟ್ ಕಂಡ್ರೆ ಅದು ವಾಪಸ್ ಬರೋ ಕಾರಣ. ಇಂಜಿನ್ ಆಫ್ ಇದ್ದಾಗ ಥ್ರಾಟಲ್ ಒತ್ತಿ ಬಿಡಿ, ಹ್ಯಾಂಡಲ್ ಪೂರ್ತಿ ಎಡಕ್ಕಿರಲಿ, ಬಲಕ್ಕಿರಲಿ, ನೆಟ್ಟಗಿರಲಿ, ಲಿವರ್ ಟಕ್ ಅಂತ ತಾನೇ ವಾಪಸ್ ಬರ್ಬೇಕು. ನಿಧಾನಕ್ಕೆ ತೆವಳಿಕೊಂಡು ಬಂದ್ರೆ ಕೇಬಲ್ ಸರಿ ಮಾಡ್ಸೋತನಕ ಅದರ ಮೇಲೆ ಕೂರ್ಲೇಬೇಡಿ.

ಮೀಟರ್‌ನಲ್ಲಿ ಮೈಲಿ ಜೊತೆ ಅವರ್ಸ್ ಕೂಡ ತೋರಿಸ್ತಿದ್ರೆ ಮೈಲೀನ ಗಂಟೆಯಿಂದ ಭಾಗಿಸಿ. 1200 ಮೈಲಿ, 110 ಗಂಟೆ ಅಂದ್ರೆ ಗಂಟೆಗೆ ಸುಮಾರು 11 ಮೈಲಿ, ಮಾಮೂಲಿ ಟ್ರೇಲ್ ಓಡಾಟ. 600 ಮೈಲಿಗೆ 300 ಗಂಟೆ ಅಂದ್ರೆ ಹಿಮ ತಳ್ಳೋಕೋ ತೋಟದ ಕೆಲಸಕ್ಕೋ ನಿಂತಲ್ಲೇ ದುಡಿದಿದೆ, ಓನರ್ ಬರೀ 600 ಮೈಲಿ ಅಂತ ಹೇಳಿ ಮಾರ್ತಾನೆ, ಇಂಜಿನ್ ಸವೆದಿರೋದು 300 ಗಂಟೆಯ ಲೆಕ್ಕದಲ್ಲಿ.

ಕಾಗದಪತ್ರ ನೋಡುವಾಗ ಫ್ರೇಮ್ ಮೇಲೆ ಕೊರೆದಿರೋ 17 ಅಕ್ಷರದ ನಂಬರನ್ನ ಮಾಲೀಕತ್ವದ ಕಾಗದ ಅಂದ್ರೆ ಟೈಟಲ್‌ನಲ್ಲಿರೋದಕ್ಕೆ ಒಂದೊಂದೇ ಅಕ್ಷರ ಹೋಲಿಸಿ, ಹತ್ತನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತೆ. ನಂಬರ್ ಜಾಗ ಉಜ್ಜಿದ ಹಾಗಿದ್ರೆ ಮಾತಾಡೋದೇ ಬೇಡ.

ತಗೊಂಡ್ಮೇಲೆ ಟೈರ್ ಗಾಳಿ ಕಾರಿನ ಥರ ತುಂಬಿಸ್ಬೇಡಿ. ಕ್ವಾಡ್ ಟೈರ್‌ಗೆ ಸಾಮಾನ್ಯ 4ರಿಂದ 7 ಪಿಎಸ್‌ಐ ಅಷ್ಟೇ, ನಿಮ್ಮ ಗಾಡೀದು ಸ್ಟಿಕ್ಕರ್ ಮೇಲೆ ಬರೆದಿರುತ್ತೆ, ಅದಕ್ಕಂತ ಕಮ್ಮಿ ಒತ್ತಡದ ಗೇಜ್ ಬೇರೆ ಸಿಗುತ್ತೆ. ಟ್ರೇಲ್‌ನಲ್ಲಿ ಹಸಿರು ಗುರುತು ಸುಲಭದ್ದು, ನೀಲಿ ಸ್ವಲ್ಪ ಕಷ್ಟ, ಕಪ್ಪು ಬಹಳ ಕಷ್ಟ. ಮೊದಲ ಎರಡ್ಮೂರು ಟ್ರಿಪ್ ಹಸಿರಲ್ಲೇ ಇರಿ, ಸ್ನೇಹಿತರು ಕಪ್ಪಿಗೆ ಕರೆದ್ರೆ ಸಂಜೆ ಊಟಕ್ಕೆ ಸಿಗ್ತೀನಿ ಅನ್ನಿ.

ಪ್ರಶ್ನೆ: ನಮ್ಮ ಮಗನಿಗೆ ಹನ್ನೊಂದು ವರ್ಷ. ನ್ಯೂಜೆರ್ಸಿಯಲ್ಲಿದೀವಿ. ನನ್ನ ಗಾಡೀಲೇ ಮುಂದೆ ಕೂರಿಸ್ಕೊಂಡು ಹೋಗ್ಬಹುದಾ, ಇಲ್ಲ ದೊಡ್ಡದೇ ಒಂದು ತಗೊಂಡು ನಿಧಾನ ಓಡಿಸು ಅನ್ಬಹುದಾ?

ಉತ್ತರ: ಎರಡೂ ಬೇಡಮ್ಮ. ಒಬ್ಬರ ಕ್ವಾಡ್‌ನಲ್ಲಿ ಸೀಟು ಉದ್ದ ಇರೋದು ಓಡಿಸೋರು ಹಿಂದೆ ಮುಂದೆ ಜರುಗಲಿ ಅಂತ, ಇನ್ನೊಬ್ಬರು ಕೂರಲಿ ಅಂತಲ್ಲ, ಮಗು ಮುಂದೆ ಕೂತ್ರೆ ನಿಮಗೆ ಜರುಗೋಕೆ ಜಾಗವೇ ಇರಲ್ಲ. ದೊಡ್ಡವರ ಗಾಡಿ 16 ವರ್ಷ ತುಂಬಿದವರಿಗೆ ಅಂತ ಗಾಡಿ ಮೇಲೇ ಎಚ್ಚರಿಕೆ ಲೇಬಲ್ ಇರುತ್ತೆ. ಮಕ್ಕಳ ಗಾಡಿಗಳಿಗೆ 6, 10, 12 ಹೀಗೆ ಕನಿಷ್ಠ ವಯಸ್ಸು ಬರೆದಿರುತ್ತೆ, ನಿಮ್ಮ ಮಗನಿಗೆ 10 ಅಂತ ಬರೆದಿರೋದು ನೋಡಿ. ಥ್ರಾಟಲ್ ಹತ್ರ ಸ್ಪೀಡ್ ಮಿತಿ ಮಾಡೋ ಸ್ಕ್ರೂ ಇದೆಯಾ, ಹಿಂದಿನವರು ಕಿತ್ತು ಬಿಸಾಕಿದಾರಾ ಅಂತ ನೋಡಿ, ಇದ್ರೆ ಶುರುವಲ್ಲಿ ಪೂರ್ತಿ ಒಳಕ್ಕೆ ತಿರುಗಿಸಿಡಿ. ಫುಟ್‌ರೆಸ್ಟ್ ಮೇಲೆ ನಿಂತ್ಕೊಂಡಾಗ ಸೀಟಿಗೂ ಅವನಿಗೂ ಮೂರರಿಂದ ಆರು ಇಂಚು ಜಾಗ ಇರ್ಬೇಕು, ಬ್ರೇಕ್ ಲಿವರ್‌ಗೆ ಬೆರಳು ಸಲೀಸಾಗಿ ಎಟುಕ್ಬೇಕು. ಎಟುಕದಿದ್ರೆ ಇನ್ನೊಂದು ವರ್ಷ ಕಾಯಿರಿ, ಅವನು ಎಷ್ಟೇ ಹಟ ಮಾಡ್ಲಿ.

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮದು ಕಾಫಿ ತೋಟ. ತೋಟದ ರಸ್ತೇಲಿ ಓಡಾಡೋಕೆ, ಭಾನುವಾರ ಹುಡುಗರು ಗುಡ್ಡದ ಕಡೆ ಹೋಗೋಕೆ ಒಂದು ಹಳೇ ಎಟಿವಿ ನೋಡಿದೀವಿ. ರೆಸಾರ್ಟ್‌ನವರದ್ದು, ಆರ್‌ಸಿ ಇಲ್ಲ ಅಂತಾರೆ. ತಗೋಬಹುದಾ?

ಉತ್ತರ: ಆರ್‌ಸಿ ಇಲ್ದಿರೋದು ಅದೊಂದರ ಕತೆಯಲ್ಲ, ನಮ್ಮಲ್ಲಿ ಸಾಮಾನ್ಯ ಎಟಿವಿಗೆ ರಸ್ತೆ ನೋಂದಣಿ ಆಗಲ್ಲ. ಅಂದ್ರೆ ಗೇಟಿನ ಒಳಗೆ ಓಡಿಸ್ಬಹುದು, ಗೇಟ್ ದಾಟಿ ಪಂಚಾಯ್ತಿ ರಸ್ತೆಗೆ ಬಂದ್ರೆ ತಪ್ಪು, ಅಲ್ಲೇನಾದ್ರೂ ಆದ್ರೆ ಇನ್ಶೂರೆನ್ಸ್ ಕೈ ಹಿಡಿಯಲ್ಲ. ಪಕ್ಕದ ಗುಡ್ಡ ಅರಣ್ಯ ಇಲಾಖೆದಾದ್ರೆ ಅಲ್ಲಿಗಂತೂ ಬೇಡ್ವೇ ಬೇಡ, ಹುಡುಗರಿಗೆ ಮೊದಲೇ ಹೇಳಿಡಿ. ಆರ್‌ಸಿ ಇಲ್ಲದ್ದಕ್ಕೆ ಮೊದಲು ಕೊಂಡ ಒರಿಜಿನಲ್ ಬಿಲ್ಲೇ ನಿಮಗೆ ಆಧಾರ, ಚಾಸಿಸ್ ನಂಬರ್ ಅದರಲ್ಲಿರ್ಬೇಕು, ಹೊರಗಿಂದ ತಂದ ಗಾಡಿ ಆದ್ರೆ ಕಸ್ಟಮ್ಸ್ ಕಾಗದವೂ ಬೇಕು.

ಇನ್ನು ರೆಸಾರ್ಟ್ ಗಾಡಿ. ದಿನಾ ಇಪ್ಪತ್ತು ಮೂವತ್ತು ಜನ, ಒಬ್ಬರಿಗೂ ಓಡಿಸೋಕೆ ಬರಲ್ಲ, ಬ್ರೇಕ್ ಒತ್ಕೊಂಡೇ ಥ್ರಾಟಲ್ ಕೊಟ್ಟಿರ್ತಾರೆ, ಹಿಂದೆ ಇನ್ನಿಬ್ಬರು ಕೂತಿರ್ತಾರೆ. ನಾನಾದ್ರೆ ಮುಟ್ಟಲ್ಲ. ಅದೇ ದುಡ್ಡಿಗೆ ಇನ್ನೊಂದು ಎಸ್ಟೇಟ್‌ನಲ್ಲಿ ಒಬ್ಬರೇ ಓಡಿಸಿರೋದು ಹುಡುಕಿ, ಕೊಡಗು ಚಿಕ್ಕಮಗಳೂರು ಕಡೆ ವಿಚಾರಿಸಿದ್ರೆ ಸಿಗುತ್ತೆ, ಮೂರು ತಿಂಗಳು ತಡ ಆಗ್ಬಹುದು ಅಷ್ಟೇ. ತಗೋಳೋಕೆ ಮುಂಚೆ ಆ ಮಾಡೆಲ್‌ಗೆ ಬ್ರೇಕ್ ಪ್ಯಾಡು, ಏರ್ ಫಿಲ್ಟರ್, ಬೆಲ್ಟು ಎಲ್ಲಿ ಸಿಗುತ್ತೆ, ಎಷ್ಟು ದಿನಕ್ಕೆ ಬರುತ್ತೆ ಅಂತ ಅಂಗಡಿಗೆ ನೀವೇ ಫೋನ್ ಮಾಡಿ ಕೇಳಿ, ಮಾರೋರ ಮಾತು ನಂಬ್ಬೇಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕೆಸರು ಬ್ರೇಕ್ ಒಳಗೆ ಸೇರ್ಕೊಂಡು ಪ್ಯಾಡ್ ತಿಂದು ಹಾಕುತ್ತೆ, ಜೂನ್‌ಗೆ ಮುಂಚೆ ಒಂದು ಜೊತೆ ಮನೇಲಿಟ್ಟಿರಿ. ಹಿಂದಿನ ಕ್ಯಾರಿಯರ್‌ಗೆ ಎಷ್ಟು ಕಿಲೋ ಅಂತ ಬರೆದಿರೋದು ಆಳುಗಳಿಗೂ ತೋರಿಸಿ, 50 ಕಿಲೋ ಗೊಬ್ಬರದ ಚೀಲ ಎರಡು ಹೇರ್ಕೊಂಡು ಏರು ಹತ್ತಿದ್ರೆ ಮುಂದಿನ ಚಕ್ರ ಹಗುರಾಗುತ್ತೆ, ಹ್ಯಾಂಡಲ್ ತಿರುಗಿಸಿದ್ರೂ ಗಾಡಿ ನೆಟ್ಟಗೇ ಹೋಗುತ್ತೆ.