ಪಕ್ಕದ ಮನೆಯವರನ್ನು ಕೇಳಿದಿರಾ?

ಓದುಗರ ಪತ್ರ: ಡಬ್ಲಿನ್‌ನಲ್ಲಿ ಕೆಲಸದಲ್ಲಿರುವ ಕನ್ನಡಿಗ ನಾನು. ದೇವರ ಮರ, ಭೂತದ ಮರ ಎಂಬ ನಂಬಿಕೆಯೇ ಕಾಡನ್ನು ಉಳಿಸಿತು ಎಂದು ನೀವು ಪದೇ ಪದೇ ಬರೆಯುತ್ತೀರಿ. ಇಲ್ಲೂ ಒಂದು ಮುಳ್ಳಿನ ಗಿಡಕ್ಕಾಗಿ ಹೆದ್ದಾರಿಯನ್ನೇ ಸರಿಸಿದರಂತೆ. ನಗು ಬಂತು. ನೂರು ವರ್ಷದ ಹಿಂದೆ ಐರ್ಲೆಂಡ್‌ನಲ್ಲಿ ಕಾಡು ಶೇ. 1ರ ಆಸುಪಾಸು ಇತ್ತು. ಈಗ ಶೇ. 11 ದಾಟಿದೆ. ಇದು ಕಾನೂನು ಮತ್ತು ಯೋಜನೆಯಿಂದ ಆದ ಕೆಲಸ, ಯಕ್ಷಿಣಿಯರಿಂದ ಅಲ್ಲ. ಅದನ್ನೂ ಸ್ವಲ್ಪ ಬರೆಯಿರಿ.

ಸಂಪಾದಕರ ಉತ್ತರ: ನಿಮ್ಮ ಲೆಕ್ಕ ಸರಿ ಇದೆ ಸ್ವಾಮಿ. 1904ರಲ್ಲಿ ವಿಕ್ಲೋ ಕೌಂಟಿಯ ಏವನ್‌ಡೇಲ್‌ನಲ್ಲಿ ಅರಣ್ಯ ಶಾಲೆ ಶುರುವಾಯಿತು. ಸರ್ಕಾರ ಮುಂದೆ ಬಿದ್ದು ನೆಡದೇ ಇದ್ದಿದ್ದರೆ ಆ ದೇಶ ಇವತ್ತಿಗೂ ಬೋಳಾಗಿಯೇ ಇರುತ್ತಿತ್ತು. ಒಪ್ಪಿದೆ.

ಆದರೆ ನಗುವ ಮೊದಲು ಆ ಗಿಡದ ಕತೆ ಪೂರ್ತಿ ಕೇಳಿ. ಅದು ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿರುವ ಒಂಟಿ ಹಾಥಾರ್ನ್. 1999ರಲ್ಲಿ ಹೊಸ ರಸ್ತೆಗೆ ಅದು ಅಡ್ಡ ಬಂತು. ಎಡ್ಡಿ ಲೆನಿಹನ್ ಎಂಬ ಕತೆಗಾರರು ‘ಇದು ಯಕ್ಷಿಣಿಯರು ಸೇರುವ ಜಾಗ, ಮುಟ್ಟಬೇಡಿ’ ಎಂದು ಗಲಾಟೆ ಎಬ್ಬಿಸಿದರು. ಎಂಜಿನಿಯರುಗಳು ಗಿಡವನ್ನು ಬಿಟ್ಟು ರಸ್ತೆ ಮಾಡಿದರು. 2002ರಲ್ಲಿ ಯಾರೋ ರಾತ್ರೋರಾತ್ರಿ ಗರಗಸ ಹಿಡಿದು ಅದರ ಕೊಂಬೆಗಳನ್ನೆಲ್ಲ ಸವರಿ ಹೋದರು. ಅದು ಮತ್ತೆ ಚಿಗುರಿತು. ಯಕ್ಷಿಣಿ ಇದ್ದಾಳೋ ಇಲ್ಲವೋ, ಅದು ನನಗೆ ಮುಖ್ಯವಲ್ಲ. ಆ ಊರಿನ ಕಡೆಯ ಒಬ್ಬ ಮನುಷ್ಯ ಮಾತಾಡಿದ, ಸರ್ಕಾರ ಕೇಳಿಸಿಕೊಂಡಿತು. ನನಗೆ ಹಿಡಿಸಿದ್ದು ಇಷ್ಟೇ.

ಐರ್ಲೆಂಡ್‌ನ ಹಳೇ ಕಾನೂನೂ ಇದೇ ದಾರಿಯದು. 8ನೇ ಶತಮಾನದ ಒಂದು ಗ್ರಂಥ ಇದೆ. ಅಕ್ಕಪಕ್ಕದ ಜಮೀನಿನವರ ನಡುವಿನ ನ್ಯಾಯ ಹೇಳುವುದೇ ಅದರ ಕೆಲಸ. ಬೇಲಿ ದಾಟಿದ ದನ, ಮುರಿದ ಗೋಡೆ, ಇಂಥವುಗಳ ಜೊತೆಗೇ ಮರವೂ ಬರುತ್ತದೆ. 28 ಗಿಡಮರಗಳು, ಏಳೇಳರ ನಾಲ್ಕು ದರ್ಜೆ. ಮೇಲಿನ ದರ್ಜೆಯಲ್ಲಿ ಓಕ್, ಹೇಝಲ್, ಹಾಲಿ, ಯೂ, ಆಶ್, ಪೈನ್, ಕಾಡು ಸೇಬು. ಇವುಗಳಲ್ಲಿ ಒಂದನ್ನು ಬುಡಕ್ಕೆ ಕಡಿದರೆ ಎರಡು ಕರೆಯುವ ಹಸು, ಮೂರು ವರ್ಷದ ಒಂದು ಕಡಸು ದಂಡ. ನಿಮಗೆ ನಗು ತರಿಸಿದ ಹಾಥಾರ್ನ್ ಎರಡನೇ ದರ್ಜೆಯದು. ಅದಕ್ಕೂ ಒಂದು ಹಸು ಬಿಚ್ಚಬೇಕಿತ್ತು.

ಇನ್ನೂ ಚೆಂದದ ಮಾತು ಓಕ್ ತೊಗಟೆಯದು. ಆ ಕಾಲದಲ್ಲಿ ಚರ್ಮ ಹದ ಮಾಡಲು ತೊಗಟೆ ಬೇಕು. ಒಂದು ಜೊತೆ ಹೆಂಗಸರ ಚಪ್ಪಲಿಗೆ ಸಾಕಾಗುವಷ್ಟು ತೊಗಟೆ ಕಿತ್ತರೆ ಒಂದು ಹಸುವಿನ ಚರ್ಮ ದಂಡ. ಗಂಡಸರ ಚಪ್ಪಲಿಗಾದರೆ ಎತ್ತಿನ ಚರ್ಮ. ಅಲ್ಲಿಗೇ ಮುಗಿಯಲಿಲ್ಲ. ಕಿತ್ತವನು ನುಣುಪಾದ ಜೇಡಿಮಣ್ಣು, ಸಗಣಿ, ಹೊಸ ಹಾಲು ಕಲಸಿ ಮರದ ಗಾಯಕ್ಕೆ ಮೆತ್ತಬೇಕು. ಎರಡೂ ಬದಿಯಲ್ಲಿ ಎರಡು ಬೆರಳಗಲ ಹೊಸ ತೊಗಟೆ ಬರುವ ತನಕ ಗಾಯ ಮುಚ್ಚಿರಬೇಕು. ಈಗಿನ ಅರಣ್ಯ ಕಾಯ್ದೆಗಳನ್ನೂ ಓದಿದ್ದೇನೆ. ದಂಡ ಕಟ್ಟಿ ರಸೀದಿ ತಗೊಂಡರೆ ಆಯಿತು. ಸಗಣಿ ಕಲಸುವ ಶಿಕ್ಷೆ ಎಲ್ಲೂ ಸಿಗಲಿಲ್ಲ.

ಹಾಗಾದರೆ ಅಲ್ಲಿ ಕಾಡು ಹೋಗಿದ್ದು ಯಾಕೆ? ಹೊಲಕ್ಕಾಗಿ ಜನ ಸಾವಿರಾರು ವರ್ಷಗಳಿಂದ ಕಡಿಯುತ್ತಲೇ ಬಂದಿದ್ದರು. ಆಮೇಲೆ ಇಂಗ್ಲಿಷರ ಕಾಲದಲ್ಲಿ ಕಬ್ಬಿಣದ ಕುಲುಮೆ, ಪೀಪಾಯಿ, ತೊಗಟೆ ವ್ಯಾಪಾರ ಸೇರಿ ಉಳಿದದ್ದನ್ನೂ ನುಂಗಿದವು. ಗೇಣಿದಾರ ನೆಟ್ಟ ಮರ ಜಮೀನ್ದಾರನ ಪಾಲು. ಅಂದಮೇಲೆ ಯಾರು ನೆಡುತ್ತಾರೆ? ಇದು ಗೊತ್ತಾಗಿಯೇ 1765ರಲ್ಲಿ ಒಂದು ಕಾಯ್ದೆ ತಂದರು. ಗೇಣಿದಾರ ತಾನು ನೆಟ್ಟ ಮರಗಳನ್ನು ನೋಂದಾಯಿಸಿದರೆ ಗೇಣಿ ಮುಗಿದಾಗ ಅವುಗಳ ಮೇಲೆ ಹಕ್ಕು ಅವನದು. ಜನ ನೆಟ್ಟರು, ನೋಂದಾಯಿಸಿದರು. ನೋಡಿ, ಮರದಲ್ಲಿ ಪಾಲು ಕೊಟ್ಟರೆ ಯಕ್ಷಿಣಿಯನ್ನು ನಂಬದವನೂ ನೆಡುತ್ತಾನೆ.

ಈಗ ನಿಮ್ಮ ಶೇ. 11ಕ್ಕೆ ಬರೋಣ. ಅದರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಒಂದೇ ಜಾತಿಯ ಮರ, ಸಿಟ್ಕಾ ಸ್ಪ್ರೂಸ್. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದದ್ದು. ಒತ್ತೊತ್ತಾಗಿ ನೆಟ್ಟು, ಮೂವತ್ತು ನಲವತ್ತು ವರ್ಷಕ್ಕೆ ಒಂದೇ ಸಲ ಬೋಳಿಸುತ್ತಾರೆ. ಅದರಡಿ ಹುಲ್ಲೂ ಬೆಳೆಯದಷ್ಟು ಕತ್ತಲೆ. ಲೀಟ್ರಿಮ್ ಕೌಂಟಿಯ ಜವುಗು ಮಣ್ಣಿಗೆ ಅದು ಚೆನ್ನಾಗಿ ಒಗ್ಗಿತು. ದೇಶದಲ್ಲೇ ಕಾಡಿನ ಪ್ರಮಾಣ ಜಾಸ್ತಿ ಇರುವುದು ಅಲ್ಲೇ, ಸಿಟ್ಕಾ ಬೇಡ ಎಂದು ಜನ ಬೀದಿಗಿಳಿದಿದ್ದೂ ಅಲ್ಲೇ! 2023ರಲ್ಲಿ ಸರ್ಕಾರಿ ಅರಣ್ಯ ಕಂಪನಿ ಕ್ವಿಲ್ಟೆ ಬ್ರಿಟನ್ನಿನ ಹೂಡಿಕೆ ಸಂಸ್ಥೆಯೊಂದರ ಜೊತೆ ಕೈಜೋಡಿಸಿದಾಗ ಸಿಟ್ಟು ಇನ್ನೂ ಏರಿತು. ಮನೆಯ ಕಿಟಕಿಗೆ ಕತ್ತಲೆ ಊರವರದು, ಮರದ ದುಡ್ಡು ಮಾತ್ರ ಬೇರೆಯವರದು.

ಊರವರ ಇಂಥ ಆಕ್ಷೇಪಣೆಗಳಿಗೆ ಕಾನೂನು ಅದಕ್ಕೂ ಮೊದಲೇ ಏನು ಮಾಡಿತ್ತು ಗೊತ್ತಾ? ಅರಣ್ಯ ಪರವಾನಗಿಗಳು ಆಕ್ಷೇಪಣೆಗಳಿಂದ ತಡವಾಗುತ್ತಿವೆ ಎಂದು 2020ರಲ್ಲಿ ಹೊಸ ಕಾಯ್ದೆ ತಂದರು. ಮೇಲ್ಮನವಿಗೆ 200 ಯೂರೋ ಶುಲ್ಕ ಬಂತು. ಪಕ್ಕದ ಜಮೀನಿನವನಿಗೆ ಹಸು ಕೊಡಿಸುತ್ತಿದ್ದ ನಾಡಿನಲ್ಲಿ ಈಗ ಅವನಿಂದಲೇ ದುಡ್ಡು ಕೀಳುತ್ತಾರೆ. ನಮ್ಮ ಮಲೆನಾಡಿನಲ್ಲೂ ಅಕೇಶಿಯಾ, ನೀಲಗಿರಿ ನೆಟ್ಟು ‘ಹಸಿರು ಹೆಚ್ಚಿತು’ ಎಂದು ವರದಿ ಬರೆದವರಿಗೆ ಕಡಿಮೆಯಿಲ್ಲ. ಬೆಟ್ಟದಲ್ಲಿ ಸೊಪ್ಪು ಕೊಯ್ಯುವ ಹೆಂಗಸನ್ನು ಆಗ ಯಾರೂ ಕೇಳಲಿಲ್ಲ, ಅಲ್ವಾ? ಕೋಷ್ಟಕದಲ್ಲಿ ಅವಳಿಗೆ ಕಾಲಮ್ಮೇ ಇಲ್ಲ.

ನೀವು ಬುದ್ಧಿವಂತರು, ಬರವಣಿಗೆಯೂ ಚೆನ್ನಾಗಿದೆ. ಸುಮ್ನೆ ಹೊಗಳುತ್ತಿಲ್ಲ. ಡಬ್ಲಿನ್‌ನಿಂದ ಲೀಟ್ರಿಮ್ ಒಂದು ದಿನದಲ್ಲಿ ಹೋಗಿಬರುವಷ್ಟು ದೂರ. ಒಂದು ಶನಿವಾರ ಹೋಗಿ. ಸಿಟ್ಕಾ ತೋಪಿನ ಪಕ್ಕದ ಮನೆಯವರ ಜೊತೆ ಕೂತು ಮಾತಾಡಿ ಬರೆಯಿರಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ. ಬರೀ ಅಂಕಿಅಂಶ ಕಳಿಸಿದರೆ ಅರ್ಧ ಪುಟ, ಅದೂ ಜಾಹೀರಾತು ಬರದಿದ್ದರೆ.