ಇಬ್ಬರೂ ಒಪ್ಪಿದ್ದೇವೆ, ಡೈವೋರ್ಸ್‌ಗೆ ಕಾನೂನು ಏನು ಕೇಳುತ್ತದೆ?

ಓದುವ ಬೇರೆಯವರಿಗೂ ಅರ್ಥವಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮದುವೆಯಾಗಿ ಐದು ವರ್ಷ. ಗಂಡ ಬೆಂಗಳೂರಿನಲ್ಲಿದ್ದಾರೆ. ನೀವು ಮೂರು ವರ್ಷದ ಮಗಳ ಜೊತೆ 10 ತಿಂಗಳಿಂದ ಮೈಸೂರಿನ ತವರಿನಲ್ಲಿದ್ದೀರಿ. ಬೇರೆಯಾಗಲು ಇಬ್ಬರಿಗೂ ಒಪ್ಪಿಗೆ ಇದೆ. ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಕು ಅಂತ ನಿಮ್ಮ ದೊಡ್ಡಪ್ಪ ಹೇಳುತ್ತಿದ್ದಾರೆ. ಅದು ನಡೆಯುತ್ತದಾ, ನಡೆಯದಿದ್ದರೆ ಏನೇನು ಬೇಕು, ಎಷ್ಟು ಕಾಲ ಹಿಡಿಯುತ್ತದೆ ಅನ್ನೋದು ಪ್ರಶ್ನೆ.

ನಾನು ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲ. ದೊಡ್ಡಪ್ಪನ ಮಾತು ನಡೆಯುವುದಿಲ್ಲ. ಇಂಥ ಕಾಗದಕ್ಕೆ ಉತ್ತರ ಕರ್ನಾಟಕದ ಕಡೆ ಸೋಡಚೀಟಿ ಅಂತಾರೆ, ನಮ್ಮ ಕಡೆ ಬಿಡುಗಡೆ ಪತ್ರ. ಹಿಂದೆ ಹಿರಿಯರನ್ನು ಕೂರಿಸಿಕೊಂಡು ಬರೆಸುತ್ತಿದ್ದರು. ಕೆಲವು ಸಮುದಾಯಗಳಲ್ಲಿ ಆ ಪದ್ಧತಿ ನಿಜವಾಗಿಯೂ ಇತ್ತು, ಹಿಂದೂ ವಿವಾಹ ಕಾಯ್ದೆಯ 29ನೇ ಸೆಕ್ಷನ್ ಅಂಥ ರೂಢಿಯನ್ನು ಉಳಿಸಿಕೊಂಡೂ ಇದೆ. ಆದರೆ ನಮ್ಮಲ್ಲಿ ಈ ಪದ್ಧತಿ ಇದೆ ಅಂತ ಸಾಕ್ಷಿ ಸಮೇತ ಸಾಬೀತು ಮಾಡುವ ಹೊರೆ ನಿಮ್ಮದೇ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಮದುವೆ ಮುರಿಯುವುದಿಲ್ಲ. ಆ ಕಾಗದ ನಂಬಿ ನಿಮ್ಮಲ್ಲಿ ಯಾರಾದರೂ ಇನ್ನೊಂದು ಮದುವೆಯಾದರೆ ಆ ಮದುವೆ ಅಸಿಂಧು, ಮೇಲೆ ಕ್ರಿಮಿನಲ್ ಕೇಸು ಬೇರೆ.

ಹಾಗಾಗಿ ಕೋರ್ಟಿಗೇ ಹೋಗಬೇಕು. ನಿಮಗೆ ಅನ್ವಯಿಸುವುದು ಹಿಂದೂ ವಿವಾಹ ಕಾಯ್ದೆ 1955ರ 13ಬಿ ಸೆಕ್ಷನ್. ಇದನ್ನು 1976ರಲ್ಲಿ ಸೇರಿಸಿದರು. ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರು ಎಲ್ಲರೂ ಈ ಕಾಯ್ದೆಯ ಒಳಗೇ ಬರುತ್ತಾರೆ. ರಿಜಿಸ್ಟ್ರಾರ್ ಎದುರು ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಆ ಕಾಯ್ದೆಯ 28ನೇ ಸೆಕ್ಷನ್, ಕ್ರೈಸ್ತರಿಗೆ ಅವರ ವಿಚ್ಛೇದನ ಕಾಯ್ದೆಯ 10ಎ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವುದಕ್ಕೆ ಮುಬಾರಾತ್ ಇದೆ.

13ಬಿ ಕೇಳುವುದು ಮೂರೇ ಮಾತು. ಅರ್ಜಿ ಹಾಕುವ ಹೊತ್ತಿಗೆ ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಬೇರೆ ಬೇರೆ ಇದ್ದಿರಬೇಕು. ಒಟ್ಟಿಗೆ ಬಾಳಲು ಆಗಿಲ್ಲ ಅನ್ನಬೇಕು. ಮದುವೆ ಮುಗಿಸಲು ಇಬ್ಬರೂ ಒಪ್ಪಿರಬೇಕು. ತಪ್ಪು ಯಾರದು, ಯಾಕೆ ಬಿಟ್ಟಿರಿ, ಅತ್ತೆ ಏನಂದರು, ಇದ್ಯಾವುದೂ ಬೇಕಿಲ್ಲ. ಹೊಂದಾಣಿಕೆ ಆಗಲಿಲ್ಲ ಎನ್ನುವ ಒಂದು ಸಾಲು ಸಾಕು. ಕೆಲವರು ಸಿಟ್ಟಿಗೆ ನಾಲ್ಕು ಪುಟ ಬೈಗುಳ ಬರೆಸುತ್ತಾರೆ. ಮಗಳು ದೊಡ್ಡವಳಾದ ಮೇಲೆ ಆ ಕಾಗದ ಓದಬಹುದು ಅನ್ನೋದು ನೆನಪಿರಲಿ.

ಬೇರೆ ಇರುವುದು ಅಂದರೆ ಬೇರೆ ಮನೆಯಲ್ಲೇ ಇರಬೇಕು ಅಂತಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಅದೂ ಬೇರೆ ಇದ್ದ ಹಾಗೇ ಅಂತ ಸುಪ್ರೀಂ ಕೋರ್ಟ್ 1991ರಲ್ಲಿ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಅವರು ಮಗಳನ್ನು ನೋಡಲು ಮೈಸೂರಿಗೆ ಬಂದು ಹೋಗಿದ್ದರೆ ನಿಮ್ಮ ಲೆಕ್ಕ ಕೆಡುವುದಿಲ್ಲ.

ನಿಮ್ಮ ವಿಷಯದಲ್ಲಿ ಗಮನಿಸಬೇಕಾದದ್ದು ಆ 10 ತಿಂಗಳು. ಇನ್ನೂ ಒಂದು ವರ್ಷ ಆಗಿಲ್ಲ. ‘ತಾರೀಖು ಹಿಂದೆ ಹಾಕಿಬಿಡೋಣ, ಯಾರು ನೋಡ್ತಾರೆ’ ಅನ್ನುವವರು ಸಿಗುತ್ತಾರೆ. ಬೇಡ. ಕೋರ್ಟಿಗೆ ಕೊಡುವ ಅಫಿಡವಿಟ್‌ಗೆ ಸಹಿ ಹಾಕುವವರು ನೀವು, ಅವರಲ್ಲ. ಎರಡು ತಿಂಗಳು ಸುಮ್ನೆ ಕಾಯಿರಿ. ಆ ಎರಡು ತಿಂಗಳಲ್ಲಿ ಮಾಡಲು ದೊಡ್ಡ ಕೆಲಸವೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆಮೇಲೆ, ಆದರೆ ಅರ್ಜಿ ಹಾಕಿದ 18 ತಿಂಗಳ ಒಳಗೆ, ಇಬ್ಬರೂ ಮತ್ತೆ ಬಂದು ‘ಈಗಲೂ ಒಪ್ಪಿಗೆ ಇದೆ’ ಅನ್ನಬೇಕು. ವಕೀಲರ ಮಾತಿನಲ್ಲಿ ಫಸ್ಟ್ ಮೋಷನ್, ಸೆಕೆಂಡ್ ಮೋಷನ್ ಅನ್ನೋದು ಇವನ್ನೇ. ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡುತ್ತದೆ ಅಂತ ನೀವು ಎಲ್ಲೋ ಓದಿದ್ದೀರಿ. ಸರಿಯೇ. ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪಿನಿಂದ ಆ ದಾರಿ ತೆರೆಯಿತು. ಆದರೆ ಅದರಲ್ಲಿ ಹೇಳಿರುವುದನ್ನು ಪೂರ್ತಿ ಓದಿ: ಅರ್ಜಿ ಹಾಕುವ ಮೊದಲೇ ಒಂದು ವರ್ಷದ ಜೊತೆಗೆ ಈ ಆರು ತಿಂಗಳೂ ಕಳೆದಿರಬೇಕು. ರಾಜಿ ಪ್ರಯತ್ನ ವಿಫಲವಾಗಿರಬೇಕು. ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿರಬೇಕು. ಇನ್ನೂ ಕಾಯಿಸಿದರೆ ಸಂಕಟ ಉದ್ದವಾಗುವುದಷ್ಟೇ ಅಂತ ಕೋರ್ಟಿಗೆ ಅನಿಸಬೇಕು.

ಈಗ ನೀವೇ ಲೆಕ್ಕ ಹಾಕಿ. 12 ತಿಂಗಳಿಗೆ ಅರ್ಜಿ ಹಾಕಿ ಆರು ತಿಂಗಳು ಕಾದರೆ, ಬೇರೆಯಾಗಿ 18 ತಿಂಗಳಿಗೆ ಎರಡನೇ ಹಂತ. ಮನ್ನಾ ಆಗಲಿ ಅಂತ 18 ತಿಂಗಳು ಕಾದು ಆಮೇಲೆ ಅರ್ಜಿ ಹಾಕಿದರೆ ಅಲ್ಲಿಂದ ಶುರು. ನಿಮಗೆ ಮನ್ನಾದಿಂದ ಏನೂ ಲಾಭವಿಲ್ಲ. ಅದು ಎರಡು ಮೂರು ವರ್ಷದಿಂದ ಬೇರೆ ಇರುವವರಿಗೆ ಇರುವ ಅನುಕೂಲ. 2021ರಲ್ಲಿ ಇನ್ನೊಂದು ತೀರ್ಪು ಬಂದು, ಈ ಅಂಶಗಳಷ್ಟೇ ಅಲ್ಲ, ಜಡ್ಜ್ ಬೇರೆ ಪರಿಸ್ಥಿತಿಯನ್ನೂ ನೋಡಬಹುದು ಅಂದಿದೆ. ಆದರೂ ಅದನ್ನು ನಂಬಿಕೊಂಡು ಪ್ಲಾನ್ ಮಾಡಬೇಡಿ. ಒಂದು ವರ್ಷ ತುಂಬಿದ ತಕ್ಷಣ ಅರ್ಜಿ ಹಾಕಿ.

ಎಲ್ಲಿ ಹಾಕಬೇಕು? ಮದುವೆ ನಡೆದ ಜಾಗ, ಕೊನೆಯದಾಗಿ ಇಬ್ಬರೂ ಒಟ್ಟಿಗಿದ್ದ ಜಾಗ, ಹೆಂಡತಿ ಈಗ ಇರುವ ಜಾಗ, ಈ ಮೂರರಲ್ಲಿ ಯಾವುದಾದರೂ ಆಗುತ್ತದೆ. ಮದುವೆ ಧರ್ಮಸ್ಥಳದಲ್ಲಿ ಆಗಿದೆ ಅಂದಿದ್ದೀರಿ, ಆ ಭಾಗದ ಕೋರ್ಟಿಗೂ ಅಧಿಕಾರ ಇದೆ, ಆದರೆ ಅಷ್ಟು ದೂರ ಯಾಕೆ? ಬೆಂಗಳೂರಾದರೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ. ಮೈಸೂರಿನಲ್ಲೂ ಕೌಟುಂಬಿಕ ನ್ಯಾಯಾಲಯ ಇದೆ. ಚಿಕ್ಕ ಮಗು ಇಟ್ಟುಕೊಂಡು ಓಡಾಡುವವರು ನೀವು, ಮೈಸೂರಿಗೇ ಅವರನ್ನು ಒಪ್ಪಿಸಿ.

ಕಾಗದ ಪತ್ರ ಅಂಥ ದೊಡ್ಡದೇನಲ್ಲ. ಮದುವೆ ನೋಂದಣಿ ಪ್ರಮಾಣ ಪತ್ರ, ಅದಿಲ್ಲದಿದ್ದರೆ ಲಗ್ನಪತ್ರಿಕೆ ಮತ್ತು ಮದುವೆ ಫೋಟೋ. ನೋಂದಣಿ ಆಗಿಲ್ಲ ಅಂತ ಹೆದರಬೇಡಿ, ಅದಿಲ್ಲದೆಯೂ ಮದುವೆ ಸಿಂಧುವೇ. ಇಬ್ಬರ ಆಧಾರ್, ವಿಳಾಸದ ದಾಖಲೆ, ಫೋಟೋ, ಮಗಳ ಜನನ ಪ್ರಮಾಣ ಪತ್ರ. ಜೊತೆಗೆ ಜಂಟಿ ಅರ್ಜಿ, ಅಫಿಡವಿಟ್, ಮತ್ತು ವಕಾಲತ್ತು, ಅಂದರೆ ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ.

ಈಗ ನಾನು ಹೇಳಿದ ಆ ದೊಡ್ಡ ಕೆಲಸಕ್ಕೆ ಬರೋಣ, ಅದು ಒಪ್ಪಂದ. ಇಬ್ಬರೂ ಒಪ್ಪಿದ್ದೇವೆ ಅಂತ ಬರುವ ಜೋಡಿಗಳು ಸಾಮಾನ್ಯವಾಗಿ ಬೇರೆಯಾಗಲು ಮಾತ್ರ ಒಪ್ಪಿರುತ್ತಾರೆ, ಲೆಕ್ಕಕ್ಕೆ ಒಪ್ಪಿರುವುದಿಲ್ಲ. ‘ಒಡವೆ ವಾಪಸ್ ಕೊಡತಕ್ಕದ್ದು’ ಅಂತ ಒಂದು ಸಾಲು ಬರೆದಿರುತ್ತಾರೆ. ಯಾವ ಒಡವೆ? ಎರಡೆಳೆ ಸರ ಎಷ್ಟು ಗ್ರಾಂ, ನಾಲ್ಕು ಬಳೆ ಯಾರ ಲಾಕರಿನಲ್ಲಿದೆ, ಅತ್ತೆ ಹಾಕಿದ ನೆಕ್ಲೇಸ್ ಯಾರದು, ಇಷ್ಟನ್ನೂ ಪಟ್ಟಿ ಮಾಡಿ. ಎಂದು, ಯಾರ ಎದುರು ಕೊಡುವುದು ಅಂತಲೂ ಬರೆಸಿ.

ಜೀವನಾಂಶ ಒಂದೇ ಸಲಕ್ಕೆ ಅಂತಾದರೆ, ನಾನು ಮಾಡಿಸುವುದು ಹೀಗೆ: ಅರ್ಧ ಹಣದ ಡಿಡಿ ಮೊದಲ ಹಂತದಲ್ಲಿ, ಉಳಿದರ್ಧ ಎರಡನೇ ಹಂತದ ದಿನ ಕೋರ್ಟ್ ಎದುರೇ. ಯಾಕೆಂದರೆ ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಕೊಡುವವರಿಗೂ ಪಡೆಯುವವರಿಗೂ ಇದೇ ಕ್ಷೇಮ. ನಿಮಗೆ ಏನೂ ಬೇಡ ಅಂದರೆ ಅದು ನಿಮ್ಮಿಷ್ಟ. ಆದರೆ ಮಗಳ ಖರ್ಚಿನ ಹಕ್ಕು ಅವಳದು, ಅದನ್ನು ನೀವು ಬಿಟ್ಟುಕೊಡಲು ಬರುವುದಿಲ್ಲ. ಸ್ಕೂಲ್ ಫೀ ಯಾರು ಕಟ್ಟುತ್ತಾರೆ, ವರ್ಷವರ್ಷ ಎಷ್ಟು ಏರುತ್ತದೆ, ದಸರಾ ರಜೆ ಎಲ್ಲಿ, ಬೇಸಿಗೆ ರಜೆ ಎಲ್ಲಿ, ನಾಳೆ ಪಾಸ್‌ಪೋರ್ಟ್ ಮಾಡಿಸಬೇಕಾದರೆ ಸಹಿ ಯಾರದು, ಎಲ್ಲ ಬರೆಸಿ.

ಇಬ್ಬರ ಹೆಸರಿನಲ್ಲಿ ಫ್ಲ್ಯಾಟ್ ಸಾಲ ಇದೆ ಅಂದಿದ್ದೀರಲ್ವಾ? ‘ಇನ್ನು ಮುಂದೆ ಇಎಂಐ ಗಂಡನೇ ಕಟ್ಟುತ್ತಾರೆ’ ಅಂತ ಒಪ್ಪಂದದಲ್ಲಿ ಬರೆದರೆ ಅದು ನಿಮ್ಮಿಬ್ಬರ ನಡುವಿನ ಮಾತಾಯಿತು, ಬ್ಯಾಂಕಿಗೆ ಅದು ಸಂಬಂಧವೇ ಇಲ್ಲ. ಅವರು ಕಂತು ತಪ್ಪಿಸಿದರೆ ಬ್ಯಾಂಕಿನವರು ನಿಮಗೂ ಫೋನ್ ಮಾಡುತ್ತಾರೆ. ಎರಡನೇ ಹಂತಕ್ಕೆ ಮುಂಚೆ ಸಾಲದಿಂದ ನಿಮ್ಮ ಹೆಸರು ತೆಗೆಸಿ. ಮನೆಯ ನಿಮ್ಮ ಪಾಲು ಬಿಟ್ಟುಕೊಡುವುದಾದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹಕ್ಕು ಬಿಡುಗಡೆ ಪತ್ರವೂ ಆಗಲಿ.

ನಿಮ್ಮಲ್ಲಿ ಪೊಲೀಸ್ ಕೇಸ್ ಇಲ್ಲ, ಒಳ್ಳೆಯದು. ಇರುವವರಿಗೆ ಒಂದು ಮಾತು. ವರದಕ್ಷಿಣೆ ಕಿರುಕುಳದ ಕೇಸು, ಹಿಂದಿನ 498ಎ, ಠಾಣೆಯಲ್ಲಿ ರಾಜಿ ಬರೆದುಕೊಟ್ಟರೆ ಮುಗಿಯುವುದಿಲ್ಲ. ರದ್ದು ಮಾಡಿಸಲು ಹೈಕೋರ್ಟಿಗೇ ಹೋಗಬೇಕು.

ಕೋರ್ಟಿನಲ್ಲಿ ಏನಾಗುತ್ತದೆ ಅಂತ ಭಯ ಬೇಡ. ಆಪ್ತ ಸಮಾಲೋಚಕರ ಹತ್ತಿರವೋ ಮಧ್ಯಸ್ಥಿಕೆ ಕೇಂದ್ರಕ್ಕೋ ಕಳಿಸುತ್ತಾರೆ, ಅಲ್ಲಿ ‘ಇನ್ನೊಂದು ಸಲ ಯೋಚಿಸಿ’ ಅಂತಾರೆ. ಅದು ಅವರ ಕರ್ತವ್ಯ, ಬೇಜಾರು ಮಾಡಿಕೊಳ್ಳಬೇಡಿ. ಜಡ್ಜ್ ಹೆಸರು ಕೇಳುತ್ತಾರೆ, ಸಹಿ ತೋರಿಸಿ ನಿಮ್ಮದೇನಾ ಅಂತಾರೆ, ಯಾರಾದರೂ ಒತ್ತಾಯ ಮಾಡಿದರಾ ಅಂತಾರೆ, ಹಣ ಬಂತಾ ಅಂತಾರೆ. ಅಷ್ಟೇ. ಆದರೆ ಆ ಒತ್ತಾಯದ ಪ್ರಶ್ನೆಗೆ ನಿಮ್ಮ ಬಾಯಿಂದಲೇ ಉತ್ತರ ಬರಬೇಕು. ಪಕ್ಕದಲ್ಲಿ ನಿಂತ ಅಣ್ಣನ ಮುಖ ನೋಡಿದರೆ ಜಡ್ಜ್‌ಗೆ ಅನುಮಾನ ಬರುತ್ತದೆ.

ಒಬ್ಬರೇ ವಕೀಲರು ಇಬ್ಬರಿಗೂ ಆಗುತ್ತಾ ಅಂತ ಕೇಳಿದ್ದೀರಿ. ಎಷ್ಟೋ ಜನ ಹಾಗೆ ಮಾಡುತ್ತಾರೆ, ಖರ್ಚು ಉಳಿಯುತ್ತದೆ. ಆದರೆ ಫ್ಲ್ಯಾಟು, ಸಾಲ, ಮಗು ಮೂರೂ ಇರುವಾಗ ಒಪ್ಪಂದವನ್ನಾದರೂ ನಿಮ್ಮ ಕಡೆಯ ಇನ್ನೊಬ್ಬರಿಗೆ ತೋರಿಸಿ. ದುಡ್ಡಿನ ತೊಂದರೆ ಇದ್ದರೆ ಮೈಸೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಡಿಕ್ರಿ ಆದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ, ಎರಡು ಮೂರು ಪ್ರತಿ ಇರಲಿ. ಅದು ಕೈಗೆ ಬಂದ ವಾರದಲ್ಲೇ ಪಿಎಫ್, ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ಬದಲಾಯಿಸಿ. ಡಿಕ್ರಿ ಆಯಿತು ಅಂತ ಅಲ್ಲಿನ ಹೆಸರು ತಾನಾಗಿ ಬದಲಾಗುವುದಿಲ್ಲ.