ಕೆರೆ ತುಂಬಿದೆ, ಬೋರ್‌ವೆಲ್ ನೀರು ಕುಡಿಯಬಹುದಾ?

ಪ್ರಶ್ನೆ: ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಬೆಂಗಳೂರಿನಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದ ಮೇಲೆ ಊರ ಕೆರೆ ಬತ್ತಿಲ್ಲ. ಒಣಗಿದ್ದ ಬೋರ್‌ವೆಲ್‌ನಲ್ಲೂ ನೀರು ಬಂದಿದೆ. ಟೊಮೆಟೊ, ಸೊಪ್ಪು ಬೆಳೆಯುತ್ತೇವೆ. ಮನೆಗೂ ಅದೇ ನೀರು. ‘ಅದು ಬೆಂಗಳೂರಿನ ಕೊಳಚೆ, ಮುಟ್ಟಬೇಡಿ’ ಅಂತ ಕೆಲವರು ಹೇಳುತ್ತಾರೆ. ‘ಭೂಮಿಯೇ ಸೋಸುತ್ತೆ, ಏನೂ ಆಗಲ್ಲ’ ಅಂತ ಇನ್ನು ಕೆಲವರು. ಯಾರ ಮಾತು ನಂಬೋದು?

ಉತ್ತರ: ಬೋರ್‌ವೆಲ್ ನೀರನ್ನು ಹೊಲಕ್ಕೆ ಬಳಸಿ. ಕುಡಿಯಲು, ಅಡುಗೆಗೆ ಮಾತ್ರ ಪರೀಕ್ಷೆ ಮಾಡಿಸುವ ತನಕ ಬೇಡ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ (ಅದೇ ಕೆ.ಸಿ. ವ್ಯಾಲಿ) ಕೊಳಚೆ ನೀರನ್ನು ಶುದ್ಧೀಕರಿಸಿ ನಿಮ್ಮ ಕಡೆಯ ಕೆರೆಗಳಿಗೆ ಹರಿಸುತ್ತಾರೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವುದು ಯೋಜನೆಯ ಗುರಿ. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು. ವಿಷಯ ಹೈಕೋರ್ಟ್‌ಗೆ ಹೋಯಿತು, ಆಮೇಲೆ ಸುಪ್ರೀಂ ಕೋರ್ಟ್‌ಗೂ ಹೋಯಿತು. ಜನರ ಭಯ ಸುಮ್ನೆ ಹುಟ್ಟಿದ್ದಲ್ಲ.

ಈ ನೀರಿಗೆ ಆಗುವುದು ಎರಡನೇ ಹಂತದವರೆಗಿನ ಶುದ್ಧೀಕರಣ. ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ, ಅವು ಕೊಳೆಯನ್ನು ತಿಂದು ಮುಗಿಸುತ್ತವೆ, ಗಸಿ ತಳಕ್ಕೆ ಇಳಿಯುತ್ತದೆ. ನಾತ ಕಮ್ಮಿಯಾಗಿ ನೀರು ತಿಳಿಯಾಗುತ್ತದೆ. ಆದರೆ ಕರಗಿದ ಉಪ್ಪು, ನೈಟ್ರೇಟ್, ರಂಜಕ, ಔಷಧಿಗಳ ಉಳಿಕೆ ಪೂರ್ತಿ ಹೋಗುವುದಿಲ್ಲ. ಎಲ್ಲಾ ರೋಗಾಣುಗಳೂ ಸಾಯುವುದಿಲ್ಲ.

ಭೂಮಿ ಸೋಸುತ್ತದೆ ಅನ್ನುವುದು ನಿಜ. ಕೆರೆಯ ಹೂಳು ಮತ್ತು ಮಣ್ಣು ರೋಗಾಣುಗಳನ್ನು ಬಹಳಷ್ಟು ತಡೆಯುತ್ತವೆ. ಆದರೆ ಕೋಲಾರ ಗಟ್ಟಿ ಬಂಡೆಯ ನಾಡು. ಸ್ವಲ್ಪ ಕೆಳಗೆ ಹೋದರೆ ನೀರು ಬಿರುಕು ಹಿಡಿದು ಓಡುತ್ತದೆ. ಅಲ್ಲಿ ಸೋಸಲು ಮಣ್ಣಿಲ್ಲ. ಹಾಗಾಗಿ ಪಕ್ಕಪಕ್ಕದ ಎರಡು ಬೋರ್‌ವೆಲ್‌ಗಳ ನೀರೂ ಬೇರೆ ಬೇರೆ ಇರಬಹುದು. ಪಕ್ಕದ ತೋಟದವರ ರಿಪೋರ್ಟ್ ನೋಡಿ ಸಮಾಧಾನ ಪಡಬೇಡಿ. ನೈಟ್ರೇಟ್ ಅಂತೂ ಮಣ್ಣಿಗೂ ಅಷ್ಟಾಗಿ ಸಿಕ್ಕಿಕೊಳ್ಳದೆ ನೀರಿನ ಜೊತೆಗೇ ಇಳಿದುಬಿಡುತ್ತದೆ.

ನಿಮ್ಮ ಬೋರ್‌ವೆಲ್ ನೀರನ್ನೇ ಲ್ಯಾಬ್‌ಗೆ ಕೊಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬ್ ಎಲ್ಲಿದೆ ಅಂತ ಪಂಚಾಯಿತಿಯಲ್ಲಿ ಕೇಳಿದರೆ ಹೇಳುತ್ತಾರೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್‌ನಲ್ಲಿ ಒಂದೂ ಇರಬಾರದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಮಾಡಿಸಿ. ಮನೆಯಲ್ಲಿ ಹಸುಗೂಸಿದ್ದರೆ ಇನ್ನೂ ಹುಷಾರು. ನೈಟ್ರೇಟ್ ಜಾಸ್ತಿಯಾದರೆ ಮಗುವಿನ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಬೆಳೆಯ ವಿಷಯ. ಕೆರೆಗೆ ನೇರ ಪಂಪ್ ಇಳಿಸಬೇಡಿ. ಈ ನೀರು ಬಂದಿರುವುದು ಅಂತರ್ಜಲ ತುಂಬಿಸಲಿಕ್ಕೆ, ನೇರವಾಗಿ ಎತ್ತಲು ಅನುಮತಿಯೂ ಇಲ್ಲ. ಟೊಮೆಟೊಗೆ ಡ್ರಿಪ್ ಇರಲಿ. ಕೋಲು ಕಟ್ಟಿದ ಗಿಡವಾದರೆ ಹಣ್ಣು ನೆಲಕ್ಕೆ ತಾಗುವುದಿಲ್ಲ, ಒಳ್ಳೆಯದು. ಹಿಪ್ಪುನೇರಳೆಗೆ ನನಗೆ ಚಿಂತೆಯಿಲ್ಲ. ಹಸಿಯಾಗಿ ತಿನ್ನುವ ಕೊತ್ತಂಬರಿಯಂಥ ಸೊಪ್ಪಿಗೆ ಮಾತ್ರ ಇ-ಕೋಲಿ ಪರೀಕ್ಷೆ ಪಾಸಾದ ನೀರನ್ನೇ ಕೊಡಿ. ರಿಪೋರ್ಟ್‌ನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಯೂರಿಯಾ ಕಮ್ಮಿ ಮಾಡಿ. ನೀರಿನಲ್ಲೇ ಸಾರಜನಕ ಇರುವಾಗ ಮೇಲೆ ಸುರಿದಿದ್ದು ಮತ್ತೆ ಬೋರ್‌ವೆಲ್‌ಗೇ ಇಳಿಯುತ್ತದೆ.

ಈ ಯೋಜನೆ ನಿಲ್ಲಬೇಕು ಅಂತ ನಾನು ಹೇಳಲಾರೆ. ಸಾವಿರ ಅಡಿ ಕೊರೆದರೂ ಧೂಳು ಬರುತ್ತಿದ್ದ ಜಿಲ್ಲೆ ಅದು. ಆದರೆ ಉಳಿದ ನೈಟ್ರೇಟ್, ರಂಜಕ, ರೋಗಾಣುಗಳನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು. ಪ್ರತಿ ಕೆರೆಯ ಲ್ಯಾಬ್ ರಿಪೋರ್ಟ್ ಪಂಚಾಯಿತಿ ಗೋಡೆಯ ಮೇಲೆ ಕಾಣಬೇಕು. ಇದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಕೇಳಿ.

ಪ್ರಶ್ನೆ: 2024ರ ಬೇಸಿಗೆಯಲ್ಲಿ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್ ಟ್ಯಾಂಕರ್ ನಂಬಿ ಬದುಕಿತು. ನಮಗೇ ಇಲ್ಲದಿರುವಾಗ ಅಷ್ಟು ನೀರನ್ನು ಕೋಲಾರಕ್ಕೆ ಯಾಕೆ ಕೊಡಬೇಕು?

ಉತ್ತರ: ಕೋಲಾರಕ್ಕೆ ಹೋಗುವುದು ನಿಮ್ಮ ನಲ್ಲಿಯ ಕಾವೇರಿ ಅಲ್ಲ, ನೀವು ಬಳಸಿ ಬಿಟ್ಟ ನೀರು. ಮೊದಲು ಅದು ಬೆಳ್ಳಂದೂರು, ವರ್ತೂರು ಕೆರೆ ಹಾಯ್ದು ದಕ್ಷಿಣ ಪಿನಾಕಿನಿ ನದಿ ಸೇರುತ್ತಿತ್ತು. ಹೊಸೂರಿನ ಬಳಿಯ ಕೆಲವರಪಲ್ಲಿ ಜಲಾಶಯದಲ್ಲಿ ನೊರೆ ಏಳುತ್ತಿದ್ದ ಸುದ್ದಿ ನೀವೂ ಓದಿರುತ್ತೀರಿ. ನದಿಯ ಕೆಳಭಾಗದ ರೈತರಿಗೂ ಈ ನೀರಿನ ಮೇಲೆ ಹಕ್ಕಿದೆ ಅನ್ನುವುದನ್ನು ನಾವು ಯಾರೂ ಮರೆಯಬಾರದು.

ಹಾಗಂತ ನಿಮ್ಮ ಕೊರತೆ ಸುಳ್ಳಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕಟ್ಟಡ ಕೆಲಸಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತು. ಶುದ್ಧೀಕರಿಸಿದ ನೀರಿಗೆ ನಗರದಲ್ಲೂ ಬೇಡಿಕೆ ಬಂತು. ಆದರೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಬರುವ ನೀರು ಹೆಚ್ಚಿದರೆ ಕೊಳಚೆಯೂ ಹೆಚ್ಚುತ್ತದೆ, ಅಲ್ವಾ? ಎಲ್ಲವನ್ನೂ ಶುದ್ಧ ಮಾಡಿದರೆ ಕೋಲಾರದ ಪಾಲು ಕಿತ್ತುಕೊಳ್ಳದೆಯೇ ನಿಮಗೂ ಸಿಗುತ್ತದೆ.

ನಿಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದ್ದರೆ ಅದರ ನೀರು ಎಲ್ಲಿಗೆ ಹೋಗುತ್ತಿದೆ ಅಂತ ಸಂಘದ ಮುಂದಿನ ಸಭೆಯಲ್ಲಿ ಕೇಳಿ. ಚರಂಡಿಗೆ ಬಿಡುತ್ತಿದ್ದರೆ ಫ್ಲಶ್‌ಗೆ, ಗಿಡಗಳಿಗೆ ಬೇರೆ ಪೈಪ್ ಎಳೆಸಿ. ಟ್ಯಾಂಕರ್ ಬಿಲ್ ಅಲ್ಲಿಂದಲೇ ಇಳಿಯಲು ಶುರುವಾಗುತ್ತದೆ.